ಬೂಟಿಗೆ ಸಿಕ್ಕಿಕೊಂಡ ಕೊಂಬು

ಫೆಬ್ರವರಿ 6

ಪ್ರಿಯ ಟೇಪೂ,

ಸಮಸ್ತ ಮನುಕುಲಕ್ಕೂ, ಅದರಲ್ಲೂ ವಿಶೇಷವಾಗಿ ಕೊರಳಿಗೆ ಅಳತೆಯ ಟೇಪು ಸುತ್ತಿಕೊಂಡು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತಿರುವ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ದಾಖಲೆ ಕೋಣೆಯ ಕಿಟಕಿ ಇಂದು ಬೆಳಿಗ್ಗೆ ತೆರೆದುಕೊಂಡಿತು.

ಹೌದು, ಅದೇ ಕಿಟಕಿ. ಇಬ್ಬರು ನಿರ್ದೇಶಕರು ನಿವೃತ್ತರಾದರೂ ಜಗ್ಗದ್ದು, ಬಡಗಿಯೊಬ್ಬ ಬಂದು ಕೈಮುಗಿದು ಹೋದದ್ದು. ಇಂದು ನಾನು ಸಿಟ್ಟಿನಿಂದಲೂ ಅಲ್ಲ, ಬರೀ ಬೇಜಾರಿನಿಂದ ಮೊಣಕೈಯಲ್ಲಿ ತಿವಿದೆ. ತೆರೆದೇಬಿಟ್ಟಿತು. ನಮ್ಮ ಸಮಿತಿಯ ಅಧ್ಯಕ್ಷರು ಓಡಿಬಂದು, ಹೊರಗಿನ ಆಕಾಶವನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೆ ಅನುಮತಿ ತಗೊಂಡ್ರಾ?" ಎಂದರು.

ಗಾಳಿ ಬಂದದ್ದೇ ಮೂಲೆಯ ಪೆಟ್ಟಿಗೆಗಳನ್ನು ಬಿಚ್ಚುವ ಧೈರ್ಯವೂ ಬಂತು. ಹಳೇ ಆಸ್ಪತ್ರೆ ಕೆಡವಿದಾಗ ತಂದು ಸುರಿದಿದ್ದ ಗಾಜಿನ ನೆಗೆಟಿವ್‌ಗಳು. ಒಂದರಿಂದ ಪ್ರತಿ ತೆಗೆಸಿ ನೋಡುತ್ತೇನೆ: ಆಸ್ಪತ್ರೆಯ ಬಟ್ಟೆ ಒಗೆಯುವ ಮನೆ! ನಾವಿಬ್ಬರೂ ಹುಟ್ಟುವ ಮೊದಲಿನದು. ಎರಡು ಸಾಲು ಹೆಂಗಸರು ತೋಳು ಕಟ್ಟಿ ನಿಂತಿದ್ದಾರೆ, ಬೆನ್ನ ಹಿಂದೆ ಹಂಡೆಗಳ ಹಬೆ. ಪಕ್ಕದಲ್ಲಿ ಮೇಲ್ವಿಚಾರಕರು, ಅವರ ಪಕ್ಕದಲ್ಲಿ ಅವರ ನಾಯಿ. ಮುಂದಿನ ಸಾಲಿನ ನಡುವೆ ಒಂದು ಗದ್ದ ಕಂಡು ಕುರ್ಚಿಯಿಂದ ಎದ್ದೇಬಿಟ್ಟೆ ಕಣೇ. ಬೀದಿಯ ತುದಿಯಿಂದ ನಮ್ಮಿಬ್ಬರನ್ನೂ ಬರೀ ನೋಟದಲ್ಲೇ ಊಟಕ್ಕೆ ಎಳೆದು ತರುತ್ತಿದ್ದ ಗದ್ದ ಅದು. ನಿಮ್ಮಮ್ಮ, ಎದುರು ಮನೆಯ ನನಗೂ ದೊಡ್ಡಮ್ಮ!

ಒಂದೇ ತೊಡಕು. ಫೋಟೋ ತೆಗೆದವನು ಗಾಜಿನ ಕೆಳಗಿನ ಅಂಚಿನಲ್ಲಿ ಸೂಜಿಯಿಂದ ಗೀರಿ ಶೀರ್ಷಿಕೆ ಬರೆದಿದ್ದಾನೆ. ಅದರಲ್ಲಿ ಮೇಲ್ವಿಚಾರಕರ ಹೆಸರು ಇನಿಷಿಯಲ್ ಸಮೇತ ಇದೆ. ನಾಯಿಯ ಹೆಸರೂ ಇದೆ. ಹೆಂಗಸರಿಗೆ ಮಾತ್ರ ಎಲ್ಲರಿಗೂ ಸೇರಿಸಿ ಒಂದೇ ಪದ. ಯಾವುದೆಂದು ನಿನಗೆ ಹೇಳಬೇಕಿಲ್ಲ. ನಿಮ್ಮಜ್ಜಂದಿರು ಹಡಗಿನಿಂದ ಇಳಿದಾಗ ಅವರ ಮೈಬಣ್ಣ ನೋಡಿ ಈ ಊರು ಇಟ್ಟ ಪದ. ಆಗ ಪತ್ರಿಕೆಗಳಲ್ಲೂ ಸಲೀಸಾಗಿ ಅಚ್ಚಾಗುತ್ತಿತ್ತು, ಈಗ ಜಗಳದಲ್ಲಷ್ಟೇ ಕೇಳುತ್ತದೆ. ಅದನ್ನು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ. ನಮ್ಮ ನಡುವೆ ಅದನ್ನು 'ಮಹಾಶಯ' ಎಂದು ಕರೆಯೋಣ.

ಮೇ ತಿಂಗಳಲ್ಲಿ ನಮ್ಮ ಪ್ರದರ್ಶನ. ಈ ಚಿತ್ರವೇ ಅದರ ಮುಖ. ಮಹಾಶಯರನ್ನು ಏನು ಮಾಡುವುದೆಂದು ಸಮಿತಿಯವರು ತಲೆ ಕೆರೆದುಕೊಳ್ಳುತ್ತಿದ್ದಾಗ, ನಾನು ಸ್ಕೇಲು ಬ್ಲೇಡು ತಂದು ಪ್ರತಿಯ ಕೆಳಗಿನ ನಾಲ್ಕು ಬೆರಳಗಲ ಕತ್ತರಿಸಿಬಿಟ್ಟೆ. ಈಗ ಚಿತ್ರ ಸ್ವಚ್ಛ. ಒಂದು ಪ್ರತಿ ಇದರ ಜೊತೆಗಿದೆ. ದೊಡ್ಡಮ್ಮನಿಗೆ ತೋರಿಸಿ, ಏನಂದರು ಎಂದು ಬರಿ.

ಕಾಗದಗಳ ನಡುವೆ ಬದುಕಿರುವ,
ನಿನ್ನ ಇಲಿ


ಫೆಬ್ರವರಿ 19

ಇಲಿಗೆ,

ಕಿಟಕಿ ತೆರೆದದ್ದು ಸಂತೋಷ. ಚಿತ್ರ ತಲುಪಿತು.

ಅಮ್ಮನ ಕಣ್ಣು ಮಂಜಾಗುತ್ತಾ ಬಂದಿದೆ. ಇನ್ನೊಂದು ವರ್ಷದಲ್ಲಿ ಬೆಳಕು ಯಾವುದು ನೆರಳು ಯಾವುದು ಎಂದಷ್ಟೇ ತಿಳಿಯಬಹುದು ಎಂದಿದ್ದಾರೆ ಡಾಕ್ಟರು. ವಯಸ್ಸಿನಲ್ಲಿದ್ದಾಗಿನ ಅವಳ ಒಂದು ಫೋಟೋವೂ ನಮ್ಮಲ್ಲಿಲ್ಲ, ನಿನಗೆ ಗೊತ್ತು. ಅದಕ್ಕೇ ಲಕೋಟೆಯನ್ನು ಹೊಲಿಗೆ ಬಿಚ್ಚುವ ಹಾಗೆ ನಿಧಾನಕ್ಕೆ ಬಿಚ್ಚಿದೆ.

ಅವಳು ಚಿತ್ರವನ್ನು ಬಾಲ್ಕನಿಯ ಬಿಸಿಲಿಗೆ ಒಯ್ದು, ಭೂತಗನ್ನಡಿ ಹಿಡಿದು, ಒಂದೊಂದೇ ಮುಖ ನೋಡಿದಳು. ಆಮೇಲೆ ಹಿಂದೆ ತಿರುಗಿಸಿದಳು. ಮತ್ತೆ ಮುಂದೆ ತಿರುಗಿಸಿದಳು.

"ಕಾಲೆಲ್ಲಿ?" ಅಂದಳು.

"ಯಾರ ಕಾಲಮ್ಮ?"

"ನನ್ನ ಕಾಲು ಕಣೇ! ಬೂಟು ಹಾಕ್ಕೊಂಡಿದ್ದ ಕಾಲು!"

ಆ ಬೂಟಿನ ಕಥೆ ನಿನಗೆ ನೆನಪಿದೆಯಾ? ಇರಬೇಕು, ನಮ್ಮನೆ ಮೆಟ್ಟಿಲ ಮೇಲೆ ಕೂತು ನೀನೂ ಕೇಳಿದವಳೇ. ಫೋಟೋ ತೆಗೆಯುವ ದಿನ ಮೇಲ್ವಿಚಾರಕನ ನಾಯಿ ಅವಳ ಎಡಗಾಲ ಚಪ್ಪಲಿ ಕಚ್ಚಿಕೊಂಡು ಓಡಿತು. ಬರಿಗಾಲಲ್ಲಿ ನಿಂತರೆ ಅವನ ಬೈಗುಳ. ಅವನ ಕೋಣೆಯ ಬಾಗಿಲಲ್ಲೇ ಬಿಟ್ಟಿದ್ದ ಬೂಟಿನ ಜೋಡಿಯಲ್ಲಿ ಒಂದನ್ನು ಕಾಲಿಗೇರಿಸಿ ಸಾಲಿನಲ್ಲಿ ನಿಂತುಬಿಟ್ಟಳು. ಸಂಜೆ ಅವನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಸ್ಲಿಪ್ಪರು ಹಾಕಿಕೊಂಡು ಮನೆಗೆ ಹೋದ. ನಾವು ಯಾರೂ ನಂಬಲಿಲ್ಲ. "ರೈಲು ಬಿಡಬೇಡಿ ದೊಡ್ಡಮ್ಮ" ಅಂದವಳು ನೀನೇ.

ಇಷ್ಟು ವರ್ಷದ ಮೇಲೆ ಸಾಕ್ಷಿ ಸಿಕ್ಕಿತು ಅಂದುಕೊಂಡಿದ್ದಳು. ನೀನು ಸಾಕ್ಷಿಯ ಕಾಲನ್ನೇ ಕತ್ತರಿಸಿ ಕಳಿಸಿದ್ದೀಯ.

ಇನ್ನೊಂದು ಮಾತು. ಆ ಪದವನ್ನು ಮಹಾಶಯ ಅಂತ ಕರೀಬೇಡ. ನೀನು ಅದನ್ನು ಕೇಳಿದ್ದು ರಸ್ತೆಯ ಆಚೆ ಬದಿಯಲ್ಲಿ ನಿಂತು. ಅದು ಬಂದು ಬಿದ್ದದ್ದು ಈಚೆ ಬದಿಗೆ.

ಟೇಪು


ಮಾರ್ಚ್ 2

ಟೇಪೂ,

ಮಹಾಶಯರನ್ನು ಇಂದಿನಿಂದ ಕೆಲಸದಿಂದ ತೆಗೆದುಹಾಕಿದ್ದೇನೆ. ಕ್ಷಮಿಸು. ನನಗೆ ಯಾವುದಾದರೂ ಕೈಗೆ ಚುಚ್ಚಿದರೆ ಅದಕ್ಕೊಂದು ಅಡ್ಡಹೆಸರಿಟ್ಟು ನಗುವ ಚಟ. ಚುಚ್ಚಿದ್ದು ನನ್ನ ಕೈಗಲ್ಲ ಎಂಬುದು ಹೊಳೆಯಲೇ ಇಲ್ಲ.

ನಿನ್ನ ಪತ್ರ ಓದಿದವಳೇ ಗಾಜನ್ನು ಬೆಳಕಿನ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದೆ. ಟೇಪೂ, ಬೂಟಿದೆ! ಬಲಗಾಲಲ್ಲಿ ಮರದ ಅಟ್ಟೆಯ ಚಪ್ಪಲಿ, ಎಡಗಾಲಲ್ಲಿ ದೋಣಿಯಷ್ಟು ದೊಡ್ಡ ಗಂಡಸರ ಬೂಟು, ಲೇಸು ಬಿಚ್ಚಿಕೊಂಡು ನೆಲದ ಮೇಲೆ ಹರಿದಾಡುತ್ತಿದೆ. ದೊಡ್ಡಮ್ಮ ಬಿಟ್ಟದ್ದು ರೈಲಲ್ಲ. ಮೇಲ್ವಿಚಾರಕರು ಪಾಪ, ಎದೆಯುಬ್ಬಿಸಿ ನಿಂತಿದ್ದಾರೆ. ತಮ್ಮ ಬೂಟು ಅದೇ ಫೋಟೋದಲ್ಲಿ ತಮಗಿಂತ ಮುಂದಿನ ಸಾಲಿನಲ್ಲಿದೆ ಎಂಬುದರ ಸುಳಿವೇ ಇಲ್ಲ.

ಆದರೆ ಕೇಳು. ಆ ಶೀರ್ಷಿಕೆ ಇವರೆಲ್ಲರ ಪಾದಗಳ ಮೇಲೆಯೇ ಹಾದುಹೋಗಿದೆ. ಆ ಪದದ ಕೊನೆಯ ಅಕ್ಷರ ಸರಿಯಾಗಿ ದೊಡ್ಡಮ್ಮನ ಎಡಗಾಲಿಗೆ ಬಂದು ನಿಂತು, ಅದರ ಕೊಂಬು ಬೂಟಿನ ಲೇಸಿಗೆ ಸಿಕ್ಕಿಕೊಂಡಿದೆ. ಬೂಟು ಬೇಕೆಂದರೆ ಪದವೂ ಬರುತ್ತದೆ. ಪದ ಬೇಡವೆಂದರೆ ಬೂಟೂ ಹೋಗುತ್ತದೆ.

ಸಮಿತಿ ಸೇರಿತು. ಒಬ್ಬರು ಪದದ ಮೇಲೆ ಬಣ್ಣದ ಚೀಟಿ ಅಂಟಿಸೋಣ ಎಂದರು. ಅಂಟಿಸಿ ನೋಡಿದರೆ ಹೆಂಗಸರೆಲ್ಲ ಅಂಗಡಿಯಲ್ಲಿ ಬೆಲೆ ಹಚ್ಚಿಟ್ಟ ಹಾಗೆ ಕಂಡರು. ಇನ್ನೊಬ್ಬರು ಚಿತ್ರದ ಮುಂದೆ ಹೂಕುಂಡ ಇಡೋಣ ಎಂದರು. ಅಧ್ಯಕ್ಷರ ತೀರ್ಮಾನ: ಚಿತ್ರವನ್ನೇ ಕೈಬಿಡುವುದು, ಗಾಜಿನ ಶೀರ್ಷಿಕೆಯನ್ನು ಇದ್ದ ಹಾಗೇ ಏರಿಸಿರುವ ಕಂಪ್ಯೂಟರಿನ ಸೂಚಿಯಿಂದಲೂ ಆ ಪದವನ್ನು ಅಳಿಸುವುದು. "ಯಾರಿಗೂ ನೋವಾಗೋದು ಬೇಡಮ್ಮ," ಎಂದರು. ಕೆಟ್ಟವರಲ್ಲ ಅವರು. ನೋವಾದವರ ಎದುರು ನಿಲ್ಲಲು ಹೆದರುತ್ತಾರೆ, ಅಷ್ಟೆ. ನಾನೂ ಹೆದರುತ್ತೇನೆ, ಅದಕ್ಕೇ ಕೈಯಲ್ಲಿ ಬ್ಲೇಡಿತ್ತು.

ನೀನು ಹೇಳು, ಏನು ಮಾಡಲಿ?

ಇಲಿ


ಮಾರ್ಚ್ 24

ಟೇಪೂ,

ಅಂಚೆಯವನು ಬಂದ, ನೀರು ಕುಡಿದ, ಹೋದ. ನಿನ್ನ ಪತ್ರವಿಲ್ಲ. ಚಿತ್ರವನ್ನು ಕೈಬಿಡುವ ತೀರ್ಮಾನಕ್ಕೆ ಏಪ್ರಿಲ್ ಕೊನೆಯಲ್ಲಿ ಸಹಿ ಬೀಳುತ್ತದೆ. ಹೂಕುಂಡವನ್ನು ಮಾತ್ರ ಆಗಲೇ ಕೊಂಡು ತಂದಿದ್ದಾರೆ. ನೀರು ಹಾಕುವ ಕೆಲಸ ನನಗೆ ಬಿದ್ದಿದೆ.

ಇಲಿ


ಏಪ್ರಿಲ್ 3

ಇಲಿಮರಿಗೆ ದೊಡ್ಡಮ್ಮನ ಆಶೀರ್ವಾದ.

ಇದನ್ನು ಬರೆಯುತ್ತಿರುವವರು ಪಕ್ಕದ ಮನೆಯ ಪೋಸ್ಟ್‌ಮಾಸ್ಟರು. ರಿಟೈರಾಗಿದ್ದಾರೆ, ಕೆಲಸವಿಲ್ಲ. (ಕೆಲಸವಿದೆ, ಆದರೂ ಬರೆಯುತ್ತಿದ್ದೇನೆ. – ಪೋ.ಮಾ.) ನನ್ನ ಮಗಳಿಗೆ ಹೇಳಿದರೆ ಬರೆಯಲ್ಲ ಅಂತಾಳೆ, ನಿನ್ನ ಪತ್ರವನ್ನು ಟೇಬಲ್ ಡ್ರಾಯರಿನಲ್ಲಿಟ್ಟು ಅದರ ಮೇಲೆ ಗುಂಡಿ ಡಬ್ಬ ಇಟ್ಟಿದ್ದಾಳೆ. ಅವರಿಂದ ಓದಿಸಿಕೊಂಡೆ. ನನಗೆ ಕಣ್ಣು ಮಂಜು, ಕಿವಿ ಮಂಜಲ್ಲ.

ಬೂಟು ಇದೆ ಅಂತ ಬರೆದಿದ್ದೀಯಲ್ಲ. ಅದನ್ನು ಅವರ ಹತ್ತಿರ ನಾಲ್ಕು ಸಲ ಓದಿಸಿದೆ. (ಆರು ಸಲ. – ಪೋ.ಮಾ.)

ಈಗ ಆ ಪದದ ವಿಷಯ. ನೀವೆಲ್ಲ ಓದಿದವರು ಅದನ್ನು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಆಡ್ತೀರಿ. ಅದನ್ನು ನಾನು ಬರೆದೆನಾ? ಇಲ್ಲ. ಮೇಲ್ವಿಚಾರಕ ಹೇಳಿದ, ಫೋಟೋದವನು ಗೀರಿದ. ಅವರ ಮಾತು ಅವರ ಹತ್ತಿರವೇ ಇರಲಿ. ಅಳಿಸಿಬಿಟ್ಟರೆ ನಾಳೆ ನೋಡುವವರು ಏನಂದ್ಕೋತಾರೆ? ಎಷ್ಟು ಒಳ್ಳೆಯ ಮೇಲ್ವಿಚಾರಕ, ಹೆಂಗಸರ ಜೊತೆ ನಿಂತು ಫೋಟೋ ತೆಗೆಸಿಕೊಂಡಿದ್ದಾನೆ ಅಂತಾರೆ. ಅವನಿಗೆ ಯಾಕೆ ಪುಕ್ಕಟೆ ಒಳ್ಳೆ ಹೆಸರು? ನಾಯಿಗೇ ಹೆಸರಿದೆ, ನಮಗಿಲ್ಲ, ಅದು ಎಲ್ಲರೂ ನೋಡಲಿ. ಆಮೇಲೆ ನಮ್ಮ ಹೆಸರು ಬರಿ. ನಾನು ಹೇಳ್ತೀನಿ, ಒಬ್ಬೊಬ್ಬರದೂ.

(ಹೇಳಿದರು. ಕಣ್ಣು ಮುಚ್ಚಿಕೊಂಡು, ಸಾಲಿನ ಕ್ರಮದಲ್ಲಿ. ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಕಾಗುಣಿತ ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. – ಪೋ.ಮಾ.)

ಒಬ್ಬಳದು ಮಾತ್ರ ಗೊತ್ತಿಲ್ಲ. ಹಿಂದಿನ ಸಾಲು, ಬಲತುದಿ, ಮುಖ ತಿರುಗಿಸಿದ್ದಾಳೆ ನೋಡು. ಕೆಲಸಕ್ಕೆ ಹೊಸದಾಗಿ ಬಂದಿದ್ದಳು. ಚೆನ್ನಾಗಿ ಸೀಟಿ ಹೊಡೀತಿದ್ದಳು, ಹಾಗಾಗಿ ಎಲ್ಲರೂ 'ಸೀಟಿ, ಬಾರೇ' ಅಂತಿದ್ವಿ. ಸ್ವಲ್ಪ ದಿನಕ್ಕೆ ಬಿಟ್ಟುಹೋದಳು. ಹೆಸರು ಕೇಳಲಿಲ್ಲ. ನಾವೂ ಕೇಳಲಿಲ್ಲ ನೋಡು.

ನನ್ನ ಮಗಳ ಮೇಲೆ ಸಿಟ್ಟು ಮಾಡ್ಕೋಬೇಡ. ನನಗೆ ಆ ಪದ ದೊಡ್ಡವಳಾದ ಮೇಲೆ ಬಿತ್ತು, ಅವಳಿಗೆ ಸ್ಕೂಲಲ್ಲಿ ಬಿತ್ತು. ಎರಡೂ ಒಂದೇ ಅಲ್ಲ.

ದೊಡ್ಡಮ್ಮ
(ಬರೆದವರು: ಪೋ.ಮಾ.)


ಏಪ್ರಿಲ್ 14

ಇಲಿಗೆ,

ನನ್ನ ಬೆನ್ನ ಹಿಂದೆ ಅಂಚೆ ವ್ಯವಹಾರ ನಡೆದಿದೆ ಎಂದು ತಿಳಿಯಿತು. ಪೋಸ್ಟ್‌ಮಾಸ್ಟರು ಮೂರು ದಿನದಿಂದ ನನ್ನ ಮುಖ ತಪ್ಪಿಸಿ ಓಡಾಡುತ್ತಿದ್ದಾರೆ. ಅವರ ಪ್ಯಾಂಟು ನನ್ನ ಹತ್ತಿರವೇ ರಿಪೇರಿಗಿದೆ, ಎಷ್ಟು ದಿನ ತಪ್ಪಿಸುತ್ತಾರೆ.

ನಾನು ಯಾಕೆ ಬರೆಯಲಿಲ್ಲ ಎಂದರೆ, ನಿನ್ನ ಎರಡನೇ ಪತ್ರ ಬಂದ ಮೇಲೆ ಲೈಬ್ರರಿಗೆ ಹೋಗಿದ್ದೆ. ನಿಮ್ಮ ಸೂಚಿಯನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದಲ್ಲ. ಇಡೀ ಚಿತ್ರ ನೋಡುವ ಆಸೆಯಾಯಿತು. ಅಮ್ಮನ ಹೆಸರು ಹಾಕಿದೆ. ಏನೂ ಸಿಗಲಿಲ್ಲ ಎಂದಿತು. 'ಬಟ್ಟೆ ಒಗೆಯುವ ಮನೆ' ಎಂದು ಹಾಕಿದೆ. ಏನೂ ಸಿಗಲಿಲ್ಲ. ಪಕ್ಕದಲ್ಲಿದ್ದವರು ಎದ್ದು ಹೋಗುವವರೆಗೂ ಕಾದೆ. ಆಮೇಲೆ ಆ ಪದವನ್ನು, ನನ್ನ ಕೈಯಾರೆ, ಒಂದೊಂದೇ ಅಕ್ಷರ ಒತ್ತಿ ಹಾಕಿದೆ.

ಅಮ್ಮ ಬಂದಳು.

ನನ್ನಮ್ಮನನ್ನು ಹುಡುಕಬೇಕಾದರೆ ನಾನೇ ಅವಳನ್ನು ಹಾಗೆ ಕರೆಯಬೇಕಾಯಿತು. ಅದನ್ನು ನಿನಗೆ ಹೇಗೆ ಬರೆಯುವುದು ಎಂದು ತಿಳಿಯದೆ ಗುಂಡಿ ಡಬ್ಬ ಇಟ್ಟೆ.

ಆದರೆ ಬಸ್ಸಿನಲ್ಲಿ ಬರುವಾಗ ಇನ್ನೊಂದು ಯೋಚನೆ ಬಂತು. ನಿಮ್ಮ ಅಧ್ಯಕ್ಷರು ಆಗಲೇ ಅಳಿಸಿಬಿಟ್ಟಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. ಬೇರೆ ದಾರಿಯನ್ನೇ ಮಾಡದೆ, ಇರುವ ಒಂದು ಕೆಟ್ಟ ದಾರಿಯನ್ನೂ ಮುಚ್ಚಿದರೆ ಜನ ಎಲ್ಲಿ ನಡೆಯಬೇಕು?

ಅಮ್ಮ ಹೇಳುವುದು ಸರಿ ಇರಬಹುದು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನನ್ನ ಮೊಮ್ಮಗಳು ಈಗಷ್ಟೇ ಓದಲು ಕಲಿತಿದ್ದಾಳೆ. ರಸ್ತೆಯ ಪ್ರತಿ ಬೋರ್ಡನ್ನೂ ಊರಿಗೆಲ್ಲ ಕೇಳುವ ಹಾಗೆ ಓದುತ್ತಾಳೆ. 'ಇಲ್ಲಿ ಮೂತ್ರ ಮಾಡಬಾರದು' ಎಂಬುದನ್ನು ಮೊನ್ನೆ ಹಾಡು ಮಾಡಿಕೊಂಡಿದ್ದಳು. ಅವಳು ನಿಮ್ಮ ಗೋಡೆಯ ಮುಂದೆ ನಿಂತು ಆ ಪದವನ್ನು ಗಟ್ಟಿಯಾಗಿ ಓದುತ್ತಾಳೆ. ಅದಕ್ಕೆ ಮೊದಲು ಅವಳ ಕೈ ಹಿಡಿದು ನಾಲ್ಕು ಮಾತು ಹೇಳಲು ನನಗೆ ಸಮಯ ಸಿಗಬೇಕು. ಅಷ್ಟನ್ನು ನೀನು ಮಾಡಿಕೊಡುವುದಾದರೆ ಚಿತ್ರ ಇಡೀ ಇರಲಿ. ಎಚ್ಚರಿಕೆ ಹೊರಬಾಗಿಲಲ್ಲೇ ಸಿಗಬೇಕು, ಚಿತ್ರದ ಪಕ್ಕದಲ್ಲಲ್ಲ. ನೀವು ಹೊಸದಾಗಿ ಬರೆಯುವ ಶೀರ್ಷಿಕೆಯಲ್ಲಿ ಆ ಪದ ಬರಬಾರದು. ಹಳೆಯದು ಹಳೆಯದೆಂದು ಹೇಳಿಕೊಂಡು ಹಿಂದೆ ನಿಲ್ಲಲಿ.

ಟೇಪು


ಏಪ್ರಿಲ್ 27

ಟೇಪೂ,

ನಿನ್ನ ಪತ್ರದ ಲೈಬ್ರರಿಯ ಭಾಗಕ್ಕೆ ಏನು ಬರೆಯಲಿ ಎಂದು ಎರಡು ಹಾಳೆ ಹರಿದೆ. ಅದಕ್ಕೆ ಉತ್ತರ ಬರೆಯುವ ಬದಲು ಅದನ್ನು ತೆಗೆದುಕೊಂಡು ಸಮಿತಿಗೆ ಹೋದೆ. ನಿನ್ನನ್ನು ಕೇಳದೆ ಓದಿ ಹೇಳಿದೆ. ಬೈಯುವುದಿದ್ದರೆ ಬಂದಾಗ ಬೈ.

ಓದಿ ಮುಗಿಸಿದಾಗ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ನಾನು ಅಳಿಸಿದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡಿದ್ದೆ," ಎಂದರು. ಆಮೇಲೆ, ಸಮಿತಿಯ ಇತಿಹಾಸದಲ್ಲೇ ಮೊದಲ ಬಾರಿಗೆ, ಕಾಫಿ ಬರುವ ಮೊದಲೇ ಒಂದು ತೀರ್ಮಾನವಾಯಿತು. ಇಡೀ ಚಿತ್ರ, ಒಳಗಿನ ಕೋಣೆಯ ತಿರುವಿನಲ್ಲಿ. ಎಚ್ಚರಿಕೆ ಹೊರಬಾಗಿಲಲ್ಲಿ.

ಎಚ್ಚರಿಕೆಯ ಒಕ್ಕಣೆಯನ್ನು ಅಧ್ಯಕ್ಷರೇ ಬರೆದಿದ್ದಾರೆ. ಕುರ್ಚಿ ಹಿಡಿದುಕೊಂಡು ಓದು: "ತತ್ಕಾಲೀನ ಸಾಮಾಜಿಕ ಪರಿಪ್ರೇಕ್ಷ್ಯದಲ್ಲಿ ಪ್ರಚಲಿತವಿದ್ದು, ಪ್ರಸ್ತುತ ಸಂವೇದನೆಗಳಿಗೆ ಅನುಚಿತವೆಂದು ಪರಿಭಾವಿಸಲ್ಪಡಬಹುದಾದ ಪದಪ್ರಯೋಗಗಳು ಕ್ವಚಿತ್ತಾಗಿ ಗೋಚರಿಸಬಹುದಾಗಿರುತ್ತದೆ."

ಇದನ್ನು ಸ್ವಲ್ಪ ಆಲ್ಟರ್ ಮಾಡಿಕೊಡುತ್ತೀಯಾ? ಎಲ್ಲ ಕಡೆ ಸಡಿಲ, ಕಂಕುಳಲ್ಲಿ ಬಿಗಿ.

ಇಲಿ


ಮೇ 4

ಇಲೀ,

ಅಮ್ಮನಿಗೆ ಓದಿದೆ. "ಇದು ಔಷಧಿ ಸೀಸೆ ಮೇಲಿಂದಾ?" ಅಂದಳು.

ಬಿಚ್ಚಿ ಹೊಲಿದಿದ್ದೇನೆ:

"ಒಳಗಿನ ಒಂದು ಚಿತ್ರದ ಮೇಲೆ, ಅದನ್ನು ತೆಗೆದವರು ಬರೆದ ಒಂದು ಪದವಿದೆ. ಅದು ಈ ಊರಿನ ಕೆಲವರನ್ನು ಅವರ ಬಣ್ಣಕ್ಕಾಗಿ ಕೀಳಾಗಿ ಕರೆಯುತ್ತಿದ್ದ ಪದ. ಆಗಲೂ ನೋಯಿಸುತ್ತಿತ್ತು, ಈಗಲೂ ನೋಯಿಸುತ್ತದೆ. ಅದು ಈ ಸಂಸ್ಥೆಯ ಮಾತಲ್ಲ. ಅಳಿಸಿದರೆ ಏನು ನಡೆಯಿತೆಂಬುದೂ ಅಳಿಸಿಹೋಗುತ್ತದೆಂದು ಇಟ್ಟಿದ್ದೇವೆ. ಮಕ್ಕಳು ಜೊತೆಗಿದ್ದರೆ ಇಲ್ಲೇ ಒಂದು ನಿಮಿಷ ಕೂತು ಮಾತಾಡಿ. ನೋಡುವುದು ಬೇಡವೆಂದರೆ ಎಡಗಡೆಯ ಬಾಗಿಲಿನಿಂದ ಹೋಗಬಹುದು."

'ಕೂತು' ಎಂದು ಬರೆದಿದ್ದೇನೆ. ಆದ್ದರಿಂದ ಅಲ್ಲೊಂದು ಬೆಂಚು ಹಾಕಿಸು. ಅಧ್ಯಕ್ಷರು ಅನುಮತಿ ಕೇಳಿದರೆ ಮೊಣಕೈಯಲ್ಲಿ ತಿವಿ.

ಮುಂದಿನ ವಾರ ಅಮ್ಮ, ಮೊಮ್ಮಗಳು, ನಾನು ಮೂವರೂ ಬರುತ್ತೇವೆ. ಪೋಸ್ಟ್‌ಮಾಸ್ಟರೂ ಹೊರಟಿದ್ದಾರೆ, ಪ್ಯಾಂಟು ಕೊಟ್ಟಿದ್ದೇನೆ. ಅಮ್ಮ ಹೊಸ ಚಪ್ಪಲಿ ಕೊಂಡಿದ್ದಾಳೆ. ಎರಡೂ ಒಂದೇ ಜೋಡಿಯವು, ನಾನು ಪರೀಕ್ಷಿಸಿದ್ದೇನೆ.

ನಿನ್ನ ಟೇಪು


ಜೂನ್ 3

ಈ ಚಿತ್ರದ ಮುಂದೆ ನಿಂತಿರುವವರಿಗೆ,

ನಮಸ್ಕಾರ. ಗೋಡೆಗೆ ಪತ್ರ ಅಂಟಿಸುವುದು ನಮ್ಮ ಸಂಸ್ಥೆಯ ಪದ್ಧತಿಯಲ್ಲ. ದಾಖಲೆ ಕೋಣೆಯ ಕಿಟಕಿ ತೆರೆದಿರುವುದೂ ಪದ್ಧತಿಯಲ್ಲ. ಎರಡಕ್ಕೂ ಈಗ ಅನುಮತಿ ಸಿಕ್ಕಿದೆ.

ಪ್ರದರ್ಶನ ಶುರುವಾದ ವಾರ, ಮುಂದಿನ ಸಾಲಿನಲ್ಲಿ ಬೂಟು ಹಾಕಿಕೊಂಡು ನಿಂತಿರುವ ಹೆಂಗಸು ತಾವೇ ಇಲ್ಲಿಗೆ ಬಂದಿದ್ದರು. ಭೂತಗನ್ನಡಿ ಹಿಡಿದು ತಮ್ಮ ಎಡಗಾಲನ್ನು ಬಹಳ ಹೊತ್ತು ನೋಡಿದರು. "ಲೇಸು ಕಟ್ಟೋಕೆ ಬಿಡಲಿಲ್ಲ ಫೋಟೋದವನು," ಎಂದರು. ಮಗಳು ಪಕ್ಕದಲ್ಲಿ ನಿಂತು, "ಸರಿಯಮ್ಮ, ನಂಬಿದೆ," ಎಂದಳು. "ಈಗ ನಂಬಿದರೆ ಏನು ದೊಡ್ಡಸ್ತಿಕೆ," ಎಂದರು ತಾಯಿ.

ಅವರ ಮರಿಮಗಳು ಹೊರಗಿನ ಬೆಂಚಿನ ಮೇಲೆ ಅಜ್ಜಿಯ ಜೊತೆ ಕೂತು ಮಾತಾಡಿಯೇ ಒಳಗೆ ಬಂದಿದ್ದಳು. ಆದರೂ ಓದಿದಳು, ಗಟ್ಟಿಯಾಗಿ, ಅಕ್ಷರ ಅಕ್ಷರವಾಗಿ. ಅಧ್ಯಕ್ಷರು ಹೂಕುಂಡ ನೋಡತೊಡಗಿದರು.

"ಇದು ಇವರಲ್ಲಿ ಯಾರ ಹೆಸರು?" ಎಂದು ಕೇಳಿದಳು ಹುಡುಗಿ.

"ಯಾರದೂ ಅಲ್ಲ," ಎಂದರು ಮುತ್ತಜ್ಜಿ. "ಕೆಳಗೆ ನೋಡು, ಅಲ್ಲಿವೆ ಹೆಸರು."

ಅವಳು ಅವನ್ನೂ ಓದಿದಳು, ಅಷ್ಟೇ ಗಟ್ಟಿಯಾಗಿ. ಒಂದೊಂದು ಹೆಸರಿಗೂ ಮುತ್ತಜ್ಜಿ "ಹ್ಞಾಂ" ಎನ್ನುತ್ತಿದ್ದರು, ತರಗತಿಯಲ್ಲಿ ಹಾಜರಿ ಹೇಳಿದ ಹಾಗೆ, ಇರುವವರ ಪರವಾಗಿಯೂ, ಇಲ್ಲದವರ ಪರವಾಗಿಯೂ. ಈಗ ನಮ್ಮ ಸೂಚಿಯಲ್ಲಿ ಆ ಯಾವ ಹೆಸರು ಹಾಕಿ ಹುಡುಕಿದರೂ ಈ ಚಿತ್ರ ಸಿಗುತ್ತದೆ. ಹಳೇ ಪದ ಹಾಕಿದರೂ ಸಿಗುತ್ತದೆ, ಆದರೆ ಅದನ್ನು ಬರೆದವರು ಯಾರು ಎಂಬ ಟಿಪ್ಪಣಿಯ ಸಮೇತ.

ಕೊನೆಗೆ ಬಂದು ಹುಡುಗಿ ನಿಂತಳು. "ಇಲ್ಲಿ ಖಾಲಿ ಇದೆ," ಎಂದಳು.

ಅದಕ್ಕಾಗಿಯೇ ಈ ಪತ್ರ. ಹಿಂದಿನ ಸಾಲಿನ ಬಲತುದಿಯಲ್ಲಿ, ಯಾರೋ ಕರೆದ ಹಾಗೆ ಮುಖ ತಿರುಗಿಸಿರುವವಳು. ಚೆನ್ನಾಗಿ ಸೀಟಿ ಹೊಡೆಯುತ್ತಿದ್ದಳಂತೆ. ನಿಮ್ಮ ಮನೆಯಲ್ಲಿ ಸೀಟಿ ಹೊಡೆಯುತ್ತಿದ್ದ ಅಜ್ಜಿಯೋ ದೊಡ್ಡತ್ತೆಯೋ ಇದ್ದರೆ, ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಬಟ್ಟೆ ಒಗೆದಿದ್ದೆ ಎಂದು ಯಾವಾಗಲಾದರೂ ಹೇಳಿದ್ದರೆ, ಅವರ ಹೆಸರನ್ನು ಕೆಳಗಿನ ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್ ಇದೆ. ಬರೆದಾದ ಮೇಲೆ ದಯವಿಟ್ಟು ಅದನ್ನು ಅಲ್ಲೇ ಬಿಡಿ. ನಿಮ್ಮ ಹಿಂದೆ ನಿಂತವರಿಗೂ ಬೇಕಾಗಬಹುದು.

ಇಂತಿ,
ದಾಖಲೆ ಕೋಣೆಯ ಇಲಿ